ಹಸಿದು ಮಲಗಿದ ಬ್ಯಾಟರಿ

2020ನೆಯ ಇಸವಿಯ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕುಳಿತ ದಿನಗಳಲ್ಲಿ, ಹಲಸೂರಿನ ನಮ್ಮ ಮನೆಯ ಮುಂದಣ ಹೊಂಗೆಯ ಮರದಡಿಯಲ್ಲಿ ನಿಂತಿದ್ದ ಕಾರು, ಉದುರಿದ ಹೂವನ್ನೂ ತರಗೆಲೆಯನ್ನೂ ಹೊದ್ದುಕೊಂಡು, ಎರಡು ತಿಂಗಳಿಗೂ ಮೇಲ್ಪಟ್ಟು ಒಂದಂಗುಲವೂ ಕದಲದೆ ಇದ್ದಿತು. ಮನುಷ್ಯರ ಪ್ರಾಣವೇ ಸಂದೇಹಕ್ಕೆ ಸಿಕ್ಕಿದ್ದ ಆ ಕಾಲದಲ್ಲಿ ಕಾರಿನ ಯೋಗಕ್ಷೇಮವನ್ನು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ, ವೃದ್ಧೆಯಾದ ಸೋದರತ್ತೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿ ಬಂದು ಬೀಗದ ಕೈಯನ್ನು ತಿರುಗಿಸಿದಾಗ ಕೇಳಿಬಂದದ್ದು ‘ಟಕ್’ ಎಂಬ ಒಂದೇ ಸದ್ದು. ಮತ್ತೊಮ್ಮೆ ತಿರುಗಿಸಿದರೆ ಅದೂ ಇಲ್ಲ. ನಮ್ಮ ಊರಿನ ಬೀದಿಯ ಮಾತಿನಲ್ಲಿ ಹೇಳುವುದಾದರೆ, ಸೆಲ್ಫ್ ಹೊಡೆಯಲಿಲ್ಲ. ಬ್ಯಾಟರಿ ಡೌನ್ ಆಗಿತ್ತು. ಇಂದಿರಾನಗರದ ಅಡ್ಡರಸ್ತೆಗಳಲ್ಲಿಯೂ ಕೃಷ್ಣರಾಜಪುರದ ವಸತಿಸಮುಚ್ಚಯಗಳ ನೆಲಮಾಳಿಗೆಗಳಲ್ಲಿಯೂ ಆ ತಿಂಗಳು ಇದೇ ಅವಸ್ಥೆಗೆ ಸಿಕ್ಕಿದ ಪರಿಚಿತರು ನನಗೆ ಅನೇಕರಿದ್ದರು.

ಮನೆಗೆ ಸಮೀಪದ ಅಂಗಡಿಯೊಂದರಲ್ಲಿ, ವೋಲ್ಟ್‌ಮೀಟರಿನ ಎರಡು ತಂತಿಗಳನ್ನು ಅರೆಕ್ಷಣ ಮುಟ್ಟಿಸಿ ನೋಡಿದವರು, ಇದು ಮುಗಿದುಹೋಯಿತು, ಹೊಸದನ್ನೇ ಕೊಳ್ಳಬೇಕು ಎಂದು ತೀರ್ಪು ಕೊಟ್ಟರು. ಕೊಂಡು ಇನ್ನೂ ಎರಡು ವರ್ಷವೂ ತುಂಬದ ವಸ್ತುವಿನ ವಿಷಯದಲ್ಲಿ ಆ ತೀರ್ಪನ್ನು ಒಪ್ಪಿಕೊಳ್ಳಲು ಮನಸ್ಸು ಬಾರದೆ, ಅದನ್ನು ಆಟೋರಿಕ್ಷಾದಲ್ಲಿ ಕಾಲಿನ ಬಳಿ ನೆಟ್ಟಗೆ ನಿಲ್ಲಿಸಿಕೊಂಡು, ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಗೆ ಅನತಿದೂರದ ಓಣಿಯೊಂದರಲ್ಲಿ ಬ್ಯಾಟರಿ ಚಾರ್ಜಿಂಗಿನ ಕೆಲಸವನ್ನೇ ಜೀವನವೃತ್ತಿಯಾಗಿ ಮಾಡಿಕೊಂಡಿದ್ದ ಹಿರಿಯ ಸಾಹೇಬರೊಬ್ಬರ ಬಳಿಗೆ ಒಯ್ದೆನು. ಅವರು ಆರು ಮುಚ್ಚಳಗಳನ್ನೂ ಬಿಚ್ಚಿ, ಟಾರ್ಚಿನ ಬೆಳಕಿನಲ್ಲಿ ಒಳಗಿಣುಕಿ, ಗಾಜಿನ ಕೊಳವೆಯ ಹೈಡ್ರೋಮೀಟರಿನಿಂದ ಒಂದೊಂದು ಸೆಲ್ಲಿನ ದ್ರವವನ್ನೂ ಹೀರಿ ನೋಡಿದರು. “ಆರೂ ಒಂದೇ ತರ ಇಳಿದಿದೆ ಸಾರ್, ಯಾವುದೂ ಸತ್ತಿಲ್ಲ. ಹಸ್ಕೊಂಡು ಮಲಗಿದೆ. ಮೂರು ದಿನ ಬಿಟ್ಟು ಬನ್ನಿ,” ಎಂದರು. ಮೂರನೆಯ ದಿನ ಮರಳಿ ಬಂದ ಆ ಬ್ಯಾಟರಿ ಅಲ್ಲಿಂದ ಮುಂದೆ ಎರಡೂವರೆ ವರ್ಷ ಒಂದು ದಿನವೂ ಕೈಕೊಡದೆ ನಡೆಯಿತು. ಸಾಯುವುದಕ್ಕೂ ಹಸಿದು ಮಲಗುವುದಕ್ಕೂ ಇರುವ ಈ ಅಂತರವನ್ನು ಗುರುತಿಸಲರಿಯದೆ ನಾವು ಎಷ್ಟೋ ಬ್ಯಾಟರಿಗಳನ್ನು ಅಕಾಲದಲ್ಲಿ ಗುಜರಿಗೆ ಹಾಕುತ್ತಿದ್ದೇವೆಂಬ ನಂಬಿಕೆ ನನಗೆ ಅಂದಿನಿಂದ ದೃಢವಾಗಿದೆ.

ಸೀಸದ ಬ್ಯಾಟರಿ ಎಂಬುದು ಹೊಸ ವಿದ್ಯೆಯೇನೂ ಅಲ್ಲ. ಫ್ರಾನ್ಸಿನ ಭೌತವಿಜ್ಞಾನಿ ಗಾಸ್ತೋ ಪ್ಲಾಂತೆ ಎಂಬಾತನು 1859ರಲ್ಲಿ ಸೀಸದ ಎರಡು ತಗಡುಗಳನ್ನು ನಡುವೆ ಬಟ್ಟೆಯನ್ನಿಟ್ಟು ಸುರುಳಿ ಸುತ್ತಿ ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ತುಂಬಿ ಮತ್ತೆ ತೆಗೆದುಕೊಳ್ಳಬಹುದಾದ ಮೊದಲನೆಯ ಸಂಚಾಯಕವನ್ನು ರಚಿಸಿದನು. ಅದಾದ 22 ವರ್ಷಗಳ ಮೇಲೆ, 1881ರಲ್ಲಿ, ಅದೇ ದೇಶದ ಕಮೀಲ್ ಫೋರ್ ಸೀಸದ ಭಸ್ಮದ ಲೇಪನವನ್ನು ತಗಡಿಗೆ ಮೆತ್ತುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಕಾರಿನ ಬ್ಯಾಟರಿಯೊಳಗಿನ ಪ್ಲೇಟು ಸೀಸದ ಜಾಲರಿಗೆ ಲೇಪವನ್ನು ತುಂಬಿದ ಹಲಗೆಯೇ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ, ಮುಂಗಡೆ ನಿಂತು ಹ್ಯಾಂಡಲ್ ತಿರುಗಿಸಿ ಮುಂಗೈ ಮುರಿದುಕೊಳ್ಳುವ ಕಾಲ ಕ್ರಮೇಣ ಮುಗಿಯಿತು. ಬ್ಯಾಟರಿಯಿಲ್ಲದ ಕಾರೆಂಬುದು ಆಮೇಲೆ ಅಸಾಧ್ಯವಾಯಿತು.

ಅದರೊಳಗಣ ವ್ಯಾಪಾರವು ಸರಳವಾದುದು. ಕರಿಯ ಪೆಟ್ಟಿಗೆಯೊಳಗೆ ಆರು ಕೋಣೆಗಳು, ಅಂದರೆ ಆರು ಸೆಲ್ಲುಗಳು. ಪ್ರತಿಯೊಂದರಲ್ಲಿಯೂ ಕಂದುಬಣ್ಣದ ಸೀಸದ ಡೈಆಕ್ಸೈಡನ್ನು ಮೆತ್ತಿದ ಧನ ಪ್ಲೇಟುಗಳೂ, ರಂಧ್ರಮಯವಾದ ಬೂದುಬಣ್ಣದ ಶುದ್ಧ ಸೀಸದ ಋಣ ಪ್ಲೇಟುಗಳೂ, ಒಂದನ್ನೊಂದು ಮುಟ್ಟದಂತೆ ತೆಳುವಾದ ತಡೆಗಳ ಸಹಾಯದಿಂದ ಒಂದರ ಪಕ್ಕ ಒಂದು ನಿಂತಿರುತ್ತವೆ; ಸುತ್ತಲೂ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತನ್ನು ಹೊರಕ್ಕೆ ತೆಗೆಯುತ್ತಿದ್ದಂತೆ ಆಮ್ಲದಲ್ಲಿರುವ ಸಲ್ಫೇಟ್ ಅಂಶವು ದ್ರವವನ್ನು ಬಿಟ್ಟು ಎರಡು ಬಗೆಯ ಪ್ಲೇಟುಗಳ ಮೇಲೂ ಬಿಳಿಯ ಸೀಸದ ಸಲ್ಫೇಟಾಗಿ ಕೂಡುತ್ತದೆ. ಉಳಿದ ದ್ರವವು ತೆಳ್ಳಗಾಗುತ್ತ ನೀರಿಗೆ ಸಮೀಪವಾಗುತ್ತದೆ. ಎಂಜಿನ್ ತಿರುಗಿ ಆಲ್ಟರ್ನೇಟರು 13.8ರಿಂದ 14.4 ವೋಲ್ಟಿನವರೆಗಿನ ಒತ್ತಡದಲ್ಲಿ ವಿದ್ಯುತ್ತನ್ನು ಒಳಕ್ಕೆ ನೂಕಿದಾಗ ಆ ಬಿಳುಪು ಕರಗಿ, ಸಲ್ಫೇಟು ಮರಳಿ ದ್ರವವನ್ನು ಸೇರುತ್ತದೆ. ಆದುದರಿಂದ ಬ್ಯಾಟರಿಯ ದ್ರವದ ಸಾಂದ್ರತೆಯೇ ಅದರ ಹೊಟ್ಟೆ ಎಷ್ಟು ತುಂಬಿದೆ ಎಂಬುದಕ್ಕೆ ಅತ್ಯಂತ ಪ್ರಾಮಾಣಿಕವಾದ ಸಾಕ್ಷಿ. ಮೆಕ್ಯಾನಿಕ್ಕುಗಳು ‘ಗ್ರಾವಿಟಿ’ ಎನ್ನುವುದು ಇದನ್ನೇ. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ, ಪೂರ್ಣವಾಗಿ ತುಂಬಿದ ಸೆಲ್ಲಿನ ದ್ರವವು 1.25ರಿಂದ 1.28ರವರೆಗೆ ಇರುತ್ತದೆ, 1.20ಕ್ಕೆ ಇಳಿಯಿತೆಂದರೆ ಅರ್ಧ ಖಾಲಿಯಾಯಿತೆಂದೂ, 1.12ರ ಹತ್ತಿರ ಬಂದಿತೆಂದರೆ ಬರಿದಾಯಿತೆಂದೂ ತಿಳಿಯಬೇಕು.

ಹೈಡ್ರೋಮೀಟರ್ ಇಲ್ಲದವರಿಗೂ ಒಂದು ಸುಲಭವಾದ ಗಣಿತವಿದೆ. ಸಾಂದ್ರತೆಯ ಅಂಕಿಗೆ 0.84ನ್ನು ಕೂಡಿಸಿದರೆ ಒಂದು ಸೆಲ್ಲಿನ ವೋಲ್ಟು ಸರಿಸುಮಾರಾಗಿ ದೊರೆಯುತ್ತದೆ, 1.26ಕ್ಕೆ 0.84 ಸೇರಿ 2.1 ಆಗುತ್ತದೆ, ಆರು ಸೆಲ್ಲಿಗೆ 12.6. ರಾತ್ರಿಯೆಲ್ಲ ವಿಶ್ರಾಂತಿಯಲ್ಲಿದ್ದ ಬ್ಯಾಟರಿಯನ್ನು ಬೆಳಿಗ್ಗೆ, ಯಾವ ದೀಪವನ್ನೂ ಹಾಕುವುದಕ್ಕೆ ಮೊದಲು, ಸಾಧಾರಣ ಮಲ್ಟಿಮೀಟರಿನಿಂದ ಅಳೆದಾಗ 12.6 ಬಂದರೆ ಚಿಂತೆಯಿಲ್ಲ, 12.4 ಬಂದರೆ ಮುಕ್ಕಾಲು, 12.2 ಬಂದರೆ ಅರ್ಧ, 12.0 ಬಂದರೆ ಕಾಲುಭಾಗ ಮಾತ್ರ ಉಳಿದಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್ ಇದೆಯಲ್ಲವೆಂದು ನೆಮ್ಮದಿ ತಾಳುವವರು ವಾಸ್ತವವಾಗಿ ಮುಕ್ಕಾಲು ಪಾಲು ಬರಿದಾದ ಪಾತ್ರೆಯನ್ನು ನೋಡುತ್ತಿರುತ್ತಾರೆ.

ಈಗ ಹಸಿವಿನ ವಿಷಯಕ್ಕೆ ಬರೋಣ. ಪ್ಲೇಟಿನ ಮೇಲೆ ಕೂಡುವ ಸೀಸದ ಸಲ್ಫೇಟು ಮೊದಮೊದಲು ಅತಿಸೂಕ್ಷ್ಮವಾದ ಹರಳುಗಳ ರೂಪದಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಚಾರ್ಜು ಕೊಟ್ಟರೆ ಅದು ನಿರಾಯಾಸವಾಗಿ ಕರಗುತ್ತದೆ. ಆದರೆ ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿಯೇ ವಾರಗಟ್ಟಲೆ, ತಿಂಗಳುಗಟ್ಟಲೆ ಬಿಟ್ಟರೆ, ಸಣ್ಣ ಹರಳುಗಳು ಕರಗಿ ದೊಡ್ಡ ಹರಳುಗಳಿಗೆ ಅಂಟಿಕೊಳ್ಳುತ್ತ, ಗಟ್ಟಿಯಾದ ದಪ್ಪ ಪೊರೆಯಾಗಿ ಬೆಳೆಯುತ್ತವೆ. ಅಡಿಗೆಮನೆಯಲ್ಲಿ ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ಭೇದವೇ ಇಲ್ಲಿಯೂ ಇರುವುದು. ಎರಡೂ ಒಂದೇ ಪದಾರ್ಥ, ಆದರೆ ಚಮಚದ ಸಕ್ಕರೆ ಹಾಲಿನಲ್ಲಿ ಕ್ಷಣಮಾತ್ರದಲ್ಲಿ ಕರಗುವುದು, ಕಲ್ಲುಸಕ್ಕರೆಯ ಉಂಡೆ ಬಹುಕಾಲ ತಳದಲ್ಲಿಯೇ ಕುಳಿತಿರುವುದು. ಸಲ್ಫೇಟು ಹಿಡಿಯುವುದು ಎಂದು ಬ್ಯಾಟರಿಯವರು ಹೇಳುವುದು ಈ ಕಲ್ಲುಸಕ್ಕರೆಯ ಅವಸ್ಥೆಯನ್ನೇ. ಅಲ್ಲಿಗೆ ಹೋಗುವ ಮೊದಲೇ ಕೈಹಿಡಿದರೆ ಬ್ಯಾಟರಿ ಎದ್ದು ಕೂಡುತ್ತದೆ, ತಡವಾದಷ್ಟೂ ಕಷ್ಟ, ಬಹಳ ತಡವಾದರೆ ಯಾರಿಂದಲೂ ಆಗದು.

ಬೆಂಗಳೂರಿನ ಪೂರ್ವಭಾಗವು ಬ್ಯಾಟರಿಗಳಿಗೆ ಒಂದು ಬಗೆಯಲ್ಲಿ ಅನುಕೂಲವಾದ, ಇನ್ನೊಂದು ಬಗೆಯಲ್ಲಿ ಪ್ರತಿಕೂಲವಾದ ಸ್ಥಳ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ಹವೆ, ಕಲಬುರಗಿ ರಾಯಚೂರುಗಳ ಬಿಸಿಲಿಗೆ ಹೋಲಿಸಿದರೆ, ಸೀಸದ ಜಾಲರಿಗೆ ಬಹು ಹಿತಕರ. ಏಕೆಂದರೆ ಪ್ಲೇಟನ್ನು ಒಳಗಿನಿಂದ ಸವೆಸುವ ಕ್ರಿಯೆಯ ವೇಗವು 10 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದಂತೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದರೆ ನಮ್ಮ ಸಂಚಾರದ ರೀತಿಯೋ, ಬ್ಯಾಟರಿಯನ್ನು ಉಪವಾಸ ಕೆಡಹುವುದಕ್ಕೆಂದೇ ಏರ್ಪಡಿಸಿದಂತಿದೆ. ಟಿನ್ ಫ್ಯಾಕ್ಟರಿಯ ಬಳಿ ಮಳೆಯ ಸಂಜೆ ಮುಕ್ಕಾಲು ಗಂಟೆ ಆಮೆಯ ವೇಗದಲ್ಲಿ ತೆವಳುತ್ತಿರುವ ಕಾರಿನಲ್ಲಿ ಏಸಿಯ ಬೀಸಣಿಗೆ, ಮುಂದೀಪ, ವೈಪರ್, ಹಾಡು, ಮೊಬೈಲಿನ ಚಾರ್ಜು ಎಲ್ಲವೂ ಏಕಕಾಲದಲ್ಲಿ ವಿದ್ಯುತ್ತನ್ನು ಬೇಡುತ್ತಿರುವಾಗ, ನಿಧಾನವಾಗಿ ತಿರುಗುವ ಎಂಜಿನ್ನಿನ ಆಲ್ಟರ್ನೇಟರು ಅಷ್ಟನ್ನೂ ಪೂರೈಸಿ ಬ್ಯಾಟರಿಗೂ ಉಣಿಸುವಷ್ಟು ಶಕ್ತವಾಗಿರುವುದಿಲ್ಲ. ಇದಲ್ಲದೆ, 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರಂಭವಾದ ಮೆಟ್ರೋ ರೈಲು 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಉಳಿದಿದ್ದ ಕೊಂಡಿಯನ್ನು ಕೂಡಿಸಿದ ಮೇಲೆ, ಈ ಭಾಗದ ಎಷ್ಟೋ ಮಂದಿ ಕೆಲಸಕ್ಕೆ ರೈಲಿನಲ್ಲಿಯೇ ಹೋಗುತ್ತಾರೆ. ಊರಿಗೆ ಅದು ಹಿತವೇ. ನಾನೂ ಹಾಗೆಯೇ ಹೋಗುವವನು. ಆದರೆ ವಾರವಿಡೀ ನಿಂತ ಕಾರು ಸುಮ್ಮನೆ ನಿಂತಿರುವುದಿಲ್ಲವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಬಾಗಿಲಿನ ಬೀಗವನ್ನು ದೂರದಿಂದ ತೆರೆಯುವ ರಿಸೀವರು, ಕಳ್ಳರ ಎಚ್ಚರಿಕೆಯ ಗಂಟೆ, ಗಡಿಯಾರ, ಎಂಜಿನ್ನಿನ ಗಣಕದ ನೆನಪು, ಇವೆಲ್ಲ ಸೇರಿ ಇಂದಿನ ಕಾರೊಂದು ಬೀಗ ಹಾಕಿದ ಸ್ಥಿತಿಯಲ್ಲಿಯೂ 30ರಿಂದ 40 ಮಿಲಿಆಂಪಿಯರಿನಷ್ಟು ವಿದ್ಯುತ್ತನ್ನು ಹೀರುತ್ತಿರುವುದು ಸಾಮಾನ್ಯ. 40 ಮಿಲಿಆಂಪಿಯರ್ ಎಂದರೆ ದಿನಕ್ಕೆ ಸುಮಾರು ಒಂದು ಆಂಪಿಯರ್-ಗಂಟೆ; ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯು ಈ ಲೆಕ್ಕದಲ್ಲಿ ಎರಡೂವರೆ ವಾರಕ್ಕೆ ಅರ್ಧವಾಗಿ, ಐದು ವಾರಕ್ಕೆ ಬರಿದಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಕಾರನ್ನು ಸ್ಟಾರ್ಟ್ ಮಾಡುವುದಕ್ಕೆ ತಗಲುವ ವೆಚ್ಚವು ಜನರು ಊಹಿಸುವಷ್ಟು ದೊಡ್ಡದಲ್ಲ. ಸ್ಟಾರ್ಟರು 200 ಆಂಪಿಯರನ್ನು ಮೂರು ಸೆಕೆಂಡು ಎಳೆದರೂ ಒಟ್ಟು ಖರ್ಚು ಒಂದು ಆಂಪಿಯರ್-ಗಂಟೆಯ ಆರನೆಯ ಒಂದು ಭಾಗ. ಅದನ್ನು ಕೆಲವು ನಿಮಿಷದ ಓಟ ತೀರಿಸಿಬಿಡುತ್ತದೆ. ತೀರಿಸಲಾರದ ಸಾಲವೆಂದರೆ ನಿಂತ ದಿನಗಳದು. ಇಪ್ಪತ್ತು ದಿನ ನಿಂತ ಕಾರನ್ನು ಮನೆಯ ಮುಂದೆಯೇ ಹತ್ತು ನಿಮಿಷ ಗುರುಗುಟ್ಟಿಸಿ ಆರಿಸಿದರೆ ಬ್ಯಾಟರಿ ತುಂಬಿತೆಂಬ ನಂಬಿಕೆ ಸರ್ವತ್ರ ಇದೆ, ಅದು ತಪ್ಪು. ವಾರಕ್ಕೊಮ್ಮೆಯಾದರೂ ಹಳೆಯ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಯ ದಿಕ್ಕಿಗೆ ನಲವತ್ತು ನಿಮಿಷ ನಿಲ್ಲದೆ ಓಡಿಸಿ ಬರತಕ್ಕದ್ದು, ಇಲ್ಲವೇ ಋಣಾಗ್ರದ ತಂತಿಯನ್ನು ಬಿಚ್ಚಿಡತಕ್ಕದ್ದು, ಇಲ್ಲವೇ ಸಣ್ಣ ಚಾರ್ಜರೊಂದನ್ನು ಜೋಡಿಸಿಡತಕ್ಕದ್ದು.

ಹಸಿವೇ ಮುಖ್ಯ ಶತ್ರುವೆಂಬುದಕ್ಕೆ ಪ್ರಮಾಣವು ನಮ್ಮ ನೆರೆಯಲ್ಲಿಯೇ ಇದೆ. ಕೃಷ್ಣರಾಜಪುರದ ಪಕ್ಕದ ದೂರವಾಣಿನಗರಕ್ಕೆ ಆ ಹೆಸರನ್ನು ತಂದುಕೊಟ್ಟದ್ದು 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ. ಅಲ್ಲಿ ತಯಾರಾದ ಯಂತ್ರಗಳಿಂದ ಸಜ್ಜಾದ ದೂರವಾಣಿ ಎಕ್ಸ್‌ಚೇಂಜುಗಳು ಸುಮಾರು 48 ವೋಲ್ಟಿನ ಸೀಸದ ಬ್ಯಾಟರಿಗಳ ಸಾಲಿನ ಮೇಲೆ ನಡೆಯುತ್ತಿದ್ದವು; ಬೀದಿಯ ದೀಪವೆಲ್ಲ ಆರಿದ ರಾತ್ರಿಯೂ ಮನೆಯ ಟೆಲಿಫೋನು ಬಾರಿಸುತ್ತಿದ್ದುದಕ್ಕೆ ಕಾರಣ ಇದೇ. ಅಂಥ ಬ್ಯಾಟರಿಗಳು ಹದಿನೈದು ಇಪ್ಪತ್ತು ವರ್ಷ ಬಾಳುವುದುಂಟು. ಅವುಗಳ ಪ್ಲೇಟು ದಪ್ಪವೆಂಬುದು ನಿಜ. ಆದರೆ ಅಷ್ಟೇ ಮುಖ್ಯವಾದ ಕಾರಣವೆಂದರೆ, ಅವನ್ನು ಹಗಲೂ ಇರುಳೂ ಮಂದವಾದ ಚಾರ್ಜಿನಲ್ಲಿ ತುಂಬಿದ ಹೊಟ್ಟೆಯಲ್ಲಿಯೇ ಇಟ್ಟಿರುತ್ತಿದ್ದರು, ತಿಂಗಳು ತಿಂಗಳಿಗೆ ಗ್ರಾವಿಟಿಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅದೇ ಸೀಸ, ಅದೇ ಆಮ್ಲ. ನಮ್ಮ ಕಾರಿನಲ್ಲಿ ಮೂರು ನಾಲ್ಕು ವರ್ಷಕ್ಕೇ ಪ್ರಾಣಬಿಡುತ್ತದೆ.

ನೀರಿನ ವಿಷಯ. ಚಾರ್ಜಾಗುವಾಗ ಸ್ವಲ್ಪ ನೀರು ಜಲಜನಕ ಆಮ್ಲಜನಕಗಳಾಗಿ ಒಡೆದು ಆವಿಯಾಗಿ ಹೋಗುವುದರಿಂದ, ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಗಳಲ್ಲಿ ತಿಂಗಳಿಗೊಮ್ಮೆ ಮಟ್ಟವನ್ನು ನೋಡಿ, ಪ್ಲೇಟುಗಳ ಮೇಲೆ ಒಂದು ಸೆಂಟಿಮೀಟರಿನಷ್ಟು ದ್ರವ ನಿಲ್ಲುವಂತೆ ಡಿಸ್ಟಿಲ್ಡ್ ವಾಟರನ್ನು ತುಂಬಬೇಕು. ಹೋಗುವುದು ನೀರು ಮಾತ್ರ, ಆಮ್ಲವಲ್ಲ. ಆದುದರಿಂದ ಬ್ಯಾಟರಿ ವೀಕಾಗಿದೆಯೆಂದು ಮೇಲಿನಿಂದ ಆ್ಯಸಿಡ್ ಸುರಿಯುವುದು ಬಹು ದೊಡ್ಡ ಅಪಚಾರ. ಗ್ರಾವಿಟಿ ಏರಿದಂತೆ ಕಂಡರೂ ಹರಳುಗಳು ಪ್ಲೇಟಿನಲ್ಲಿಯೇ ಉಳಿದು, ಜಾಲರಿಯ ಸವೆತವು ಮತ್ತಷ್ಟು ತೀವ್ರವಾಗುತ್ತದೆ. ನಲ್ಲಿಯ ನೀರೂ ಕೂಡದು. ಕೃಷ್ಣರಾಜಪುರದ ಕಡೆಯ ಕೊಳವೆಬಾವಿಯ ನೀರು ಸ್ನಾನದ ಬಾಯ್ಲರಿನಲ್ಲಿ ಬಿಡುವ ಬಿಳಿಯ ಕಲ್ಲುಪದರವನ್ನು ಕಂಡವರಿಗೆ ಇದಕ್ಕೆ ಬೇರೆ ವಿವರಣೆ ಬೇಡ. ಅದರಲ್ಲಿರುವ ಕಬ್ಬಿಣ, ಕ್ಲೋರೈಡ್ ಮೊದಲಾದುವು ಪ್ಲೇಟಿಗೆ ವಿಷಪ್ರಾಯ. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಟ್ಟು ಹಾಕುವ ಅಭ್ಯಾಸವೂ ಅನೇಕರಲ್ಲುಂಟು. ಅದರಲ್ಲಿ ಧೂಳೂ ತಾಮ್ರದ ಅಂಶವೂ ಸೇರಿರುವ ಸಂಭವವಿರುವುದರಿಂದ, ಅಲ್ಪ ಬೆಲೆಗೆ ದೊರೆಯುವ ಡಿಸ್ಟಿಲ್ಡ್ ವಾಟರಿನ ಕ್ಯಾನು ಕಣ್ಣೆದುರಿಗಿರುವಾಗ, ಅದನ್ನು ಉಪಯೋಗಿಸದಿರುವುದೇ ಮೇಲು.

ಟರ್ಮಿನಲ್ಲುಗಳ ಮೇಲೆ ಬೆಳೆಯುವ ಬಿಳಿಯ ಅಥವಾ ಹಸುರುಮಿಶ್ರಿತ ಬೂಷ್ಟನ್ನು, ಮುಚ್ಚಳಗಳು ಭದ್ರವಾಗಿವೆಯೆಂದು ನೋಡಿಕೊಂಡು, ಬೆಚ್ಚನೆಯ ನೀರಿನಲ್ಲಿ ಕದಡಿದ ಅಡಿಗೆ ಸೋಡದಿಂದ ತೊಳೆದು, ಒರಸಿ, ತೆಳುವಾಗಿ ವ್ಯಾಸಲಿನ್ ಸವರಿದರೆ ಸಾಕು. ಬಿಚ್ಚುವಾಗ ಮೊದಲು ಋಣಾಗ್ರ, ಜೋಡಿಸುವಾಗ ಕೊನೆಗೆ ಋಣಾಗ್ರ. ಈ ನಿಯಮವನ್ನು ಮೀರಿದರೆ, ಧನಾಗ್ರವನ್ನು ಬಿಚ್ಚುತ್ತಿರುವ ಸ್ಪ್ಯಾನರು ಕಾರಿನ ಮೈಗೆ ತಗಲಿದ ಕ್ಷಣದಲ್ಲಿ ನೂರಾರು ಆಂಪಿಯರಿನ ಕಿಡಿ ಹಾರುತ್ತದೆ.

ಮಲಗಿದ ಬ್ಯಾಟರಿಯನ್ನು ಎಬ್ಬಿಸುವ ಕ್ರಮವನ್ನು, ಶಿವಾಜಿನಗರದ ಆ ಓಣಿಯಲ್ಲಿ ನಾನು ಕಣ್ಣಾರೆ ಕಂಡಂತೆ, ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೊದಲನೆಯ ಕಾರ್ಯವು ಪರೀಕ್ಷೆ. ಆರು ಸೆಲ್ಲುಗಳ ಗ್ರಾವಿಟಿಯೂ ಸಮನಾಗಿ ಇಳಿದಿದ್ದರೆ ಆಸೆಯುಂಟು. ಐದು ಒಂದು ಮಟ್ಟದಲ್ಲಿದ್ದು ಆರನೆಯದು ಅವಕ್ಕಿಂತ 0.05ಕ್ಕೂ ಮಿಕ್ಕಿ ಕೆಳಗಿದ್ದರೆ ಆ ಸೆಲ್ಲಿನಲ್ಲಿಯೇ ರೋಗವಿದೆ. ಪ್ಲೇಟುಗಳು ದ್ರವದಿಂದ ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಮಟ್ಟಕ್ಕೆ ತುಂಬುವುದನ್ನು ಚಾರ್ಜು ಮುಗಿದ ಮೇಲೆ ಮಾಡಬೇಕು. ಏಕೆಂದರೆ ಚಾರ್ಜಾಗುತ್ತಿರುವಾಗ ದ್ರವವು ಉಬ್ಬಿ ಹೊರಚೆಲ್ಲುವುದುಂಟು. ಆಮೇಲೆ ಚಾರ್ಜಿನ ವೇಗ. ಆರೋಗ್ಯವಾಗಿರುವ 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತನೆಯ ಒಂದು ಭಾಗ, ಎಂದರೆ ಮೂರೂವರೆ ಆಂಪಿಯರನ್ನು ಕೊಡುವುದು ವಾಡಿಕೆ. ಬಹುಕಾಲ ಹಸಿದಿದ್ದ ಬ್ಯಾಟರಿಗಾದರೋ ಇಪ್ಪತ್ತನೆಯ ಒಂದು ಭಾಗವೋ ಅದಕ್ಕಿಂತ ಕಡಮೆಯೋ ಸಾಕು. ಲಂಘನ ಮಾಡಿದವನಿಗೆ ಮೊದಲ ದಿನ ಹಬ್ಬದೂಟ ಬಡಿಸದೆ ಗಂಜಿ ಕೊಡುವಂತೆ, ಇಲ್ಲಿಯೂ ತಾಳ್ಮೆಯೇ ಔಷಧ. ‘ಬೂಸ್ಟ್ ಚಾರ್ಜ್’ ಎಂಬ ಹೆಸರಿನಲ್ಲಿ ಎರಡು ಗಂಟೆಯಲ್ಲಿ ಮುಗಿಸಿಕೊಡುವ ಕ್ರಮವು, ಗಟ್ಟಿಗೊಂಡ ಹರಳು ವಿದ್ಯುತ್ತಿಗೆ ದಾರಿ ಬಿಡದಿರುವುದರಿಂದ, ಪ್ಲೇಟನ್ನು ಕಾಯಿಸಿ ಬಗ್ಗಿಸಿ ಲೇಪವನ್ನು ಉದುರಿಸಿಬಿಡುತ್ತದೆ.

ಮೊದಲ ಕೆಲವು ಗಂಟೆ ಚಾರ್ಜರಿನ ಆಂಪಿಯರಿನ ಮುಳ್ಳು ಕದಲುವುದೇ ಇಲ್ಲ. ವೋಲ್ಟು ಮಾತ್ರ ಸುಳ್ಳುಸುಳ್ಳಾಗಿ ಏರಿ ನಿಲ್ಲುತ್ತದೆ. ಅದನ್ನು ನೋಡಿಯೇ ಬಹಳ ಮಂದಿ ಆಸೆ ಬಿಡುವುದು. ಇಂದಿನ ಎಲೆಕ್ಟ್ರಾನಿಕ್ ಚಾರ್ಜರುಗಳಲ್ಲಿ ಕೆಲವು, ತೀರ ಕೆಳಗಿಳಿದ ಬ್ಯಾಟರಿಯನ್ನು ಜೋಡಿಸಿದರೆ ಅದನ್ನು ಬ್ಯಾಟರಿಯೆಂದೇ ಗುರುತಿಸದೆ ಸುಮ್ಮನಿರುತ್ತವೆ. ಅಂಥ ಸಂದರ್ಭದಲ್ಲಿ ಟ್ರಾನ್ಸ್‌ಫಾರ್ಮರಿನ ಹಳೆಯ ಮಾದರಿಯ ಚಾರ್ಜರುಳ್ಳ ಅಂಗಡಿಗೆ ಒಯ್ಯುವುದೇ ಮಾರ್ಗ. ಗಂಟೆಗಳು ಕಳೆದಂತೆ ಹರಳು ಕರಗತೊಡಗಿ, ವೋಲ್ಟು ಸ್ವಲ್ಪ ಇಳಿದು, ಆಂಪಿಯರಿನ ಮುಳ್ಳು ಮೆಲ್ಲನೆ ಏಳುತ್ತದೆ. ಬ್ಯಾಟರಿ ಉಣ್ಣಲಾರಂಭಿಸಿತೆಂಬುದಕ್ಕೆ ಅದೇ ಗುರುತು. ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಎರಡು ಮೂರು ದಿನವೂ ಹೀಗೆ ನಡೆಯಬೇಕಾಗುತ್ತದೆ. ಕೈಯಿಟ್ಟರೆ ಡಬ್ಬಿಯ ಮೈ ಉಗುರುಬೆಚ್ಚಗಿರಬಹುದು, ಸುಡಬಾರದು. ಒಳಗಣ ದ್ರವ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ನಿಲ್ಲಿಸಿ ಆರಲು ಬಿಡಬೇಕು. ಆರು ಸೆಲ್ಲುಗಳಲ್ಲಿಯೂ ಸಣ್ಣ ಗುಳ್ಳೆಗಳು ಸಮನಾಗಿ ಏಳುತ್ತ, ಗ್ರಾವಿಟಿಯು ಎರಡು ಮೂರು ಗಂಟೆಯ ಅಂತರದಲ್ಲಿ ನೋಡಿದರೂ ಮೇಲೇರದೆ ನಿಂತಾಗ ಕೆಲಸ ಮುಗಿಯಿತು. ಒಮ್ಮೆಗೆ ಪೂರ್ತಿ ಮೇಲೇಳದಿದ್ದರೆ, ಸಣ್ಣ ಬಲ್ಬೊಂದನ್ನು ಜೋಡಿಸಿ ನಿಧಾನವಾಗಿ ಇಳಿಸಿ ಮತ್ತೆ ತುಂಬಿಸುವ ಕ್ರಮವನ್ನು ಎರಡು ಮೂರು ಸಲ ಮಾಡುವುದುಂಟು.

ಆ ಗುಳ್ಳೆಗಳ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಅವುಗಳಲ್ಲಿರುವ ಜಲಜನಕವು ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಕಿಡಿಯೊಂದಕ್ಕೆ ಸಿಡಿಯುವಂಥದು. ಕಿಟಕಿ ತೆರೆದ ಜಾಗದಲ್ಲಿಯೇ ಚಾರ್ಜು ಮಾಡಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು, ಚಾರ್ಜರಿನ ಸ್ವಿಚ್ಚನ್ನು ಆರಿಸಿದ ಮೇಲೆಯೇ ತಂತಿಯನ್ನು ಕೀಳಬೇಕು. ಇನ್ನೊಂದು ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವಾಗಲೂ ಕಡೆಯ ತಂತಿಯನ್ನು ಮಲಗಿದ ಬ್ಯಾಟರಿಯ ಋಣಾಗ್ರಕ್ಕೆ ಸಿಕ್ಕಿಸದೆ, ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ಸಿಕ್ಕಿಸುವುದು ಇದೇ ಕಾರಣದಿಂದ. ಆಮ್ಲವು ಕಣ್ಣಿಗೆ ಹಾರಿದರೆ ಹರಿಯುವ ನೀರಿನಲ್ಲಿ ಕಾಲುಗಂಟೆ ತೊಳೆಯುತ್ತಲೇ ಇದ್ದು ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ತಾಳ್ಮೆಯ ಈ ಮಾರ್ಗವನ್ನು ಬಿಟ್ಟು, ಪುಡಿಯೊಂದನ್ನು ಹಾಕಿದ ಮಾತ್ರಕ್ಕೆ ಬ್ಯಾಟರಿ ಎದ್ದು ಓಡುವುದೆಂಬ ಆಸೆ ಎಲ್ಲ ದೇಶದಲ್ಲಿಯೂ ಇದ್ದದ್ದೇ. ಅದರ ಅತ್ಯಂತ ಪ್ರಸಿದ್ಧವಾದ ಕಥೆ ಅಮೆರಿಕದಲ್ಲಿ ನಡೆಯಿತು. ಕ್ಯಾಲಿಫೋರ್ನಿಯದ ಓಕ್‌ಲೆಂಡಿನಿಂದ ಮಾರಾಟವಾಗುತ್ತಿದ್ದ ‘ಎಡಿ-ಎಕ್ಸ್2’ ಎಂಬ ಪುಡಿ ಮುಖ್ಯವಾಗಿ ಸೋಡಿಯಂ ಸಲ್ಫೇಟು ಮತ್ತು ಮೆಗ್ನೀಸಿಯಂ ಸಲ್ಫೇಟುಗಳ ಮಿಶ್ರಣ. ಸತ್ತ ಬ್ಯಾಟರಿಗೆ ಅದು ಜೀವ ತರುವುದೆಂದು ಹೇಳಲಾಗುತ್ತಿತ್ತು. ಆ ದೇಶದ ಸರ್ಕಾರಿ ಪ್ರಯೋಗಾಲಯವಾದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಪರೀಕ್ಷೆಮಾಡಿ, ಇದರಿಂದ ಯಾವ ಪ್ರಯೋಜನವೂ ಇಲ್ಲವೆಂದು ತಿಳಿಸಿತು. ವ್ಯಾಪಾರಿಗಳ ಕೂಗಿಗೆ ಕಿವಿಗೊಟ್ಟ ವಾಣಿಜ್ಯ ಕಾರ್ಯದರ್ಶಿಯು 1953ರಲ್ಲಿ ಆ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರ ರಾಜೀನಾಮೆಯನ್ನೇ ಕೇಳಿ ಪಡೆದನು. ದೇಶದ ವಿಜ್ಞಾನಿಗಳು ಒಕ್ಕೊರಲಿನಿಂದ ಪ್ರತಿಭಟಿಸಿದರು. ಆಸ್ಟಿನ್ ಮರಳಿ ಅಧಿಕಾರಕ್ಕೆ ಬಂದರು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೊಂದು ವಿಚಾರಿಸಿ ಪ್ರಯೋಗಾಲಯದ ತೀರ್ಮಾನವನ್ನೇ ಎತ್ತಿಹಿಡಿಯಿತು. ಸತ್ಯ ಹೇಳಿದ್ದಕ್ಕಾಗಿ ಪದವಿಯನ್ನು ಕಳೆದುಕೊಳ್ಳುವ ಸ್ಥಿತಿಗೆ ಬಂದ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಗೌರವವುಂಟಾಗುತ್ತದೆ. ಇಂದು ಎಪ್ಸಮ್ ಸಾಲ್ಟ್ ಎಂಬ ಹೆಸರಿನಲ್ಲಿ ಬ್ಯಾಟರಿಗೆ ಹಾಕಲು ಹೇಳುವ ಲವಣವೂ ಅದೇ ಮೆಗ್ನೀಸಿಯಂ ಸಲ್ಫೇಟು. ಆ್ಯಸ್ಪಿರಿನ್ ಗುಳಿಗೆಯಂತೂ ಆಮ್ಲದಲ್ಲಿ ಒಡೆದು ಪ್ಲೇಟನ್ನೇ ತಿನ್ನುತ್ತದೆ.

ನಿಜವಾಗಿ ಸತ್ತ ಬ್ಯಾಟರಿಯ ಲಕ್ಷಣಗಳು ಸಂದಿಗ್ಧವಾದುವಲ್ಲ. ಪೂರ್ತಿ ಚಾರ್ಜಾದ ಮೇಲೂ 10.5 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತರೆ, ಒಂದು ಸೆಲ್ಲು ಒಳಗೇ ಷಾರ್ಟಾಗಿದೆ. ಉದುರಿದ ಲೇಪವು ತಳದಲ್ಲಿ ಕೆಸರಾಗಿ ಎರಡು ಪ್ಲೇಟುಗಳನ್ನು ಕೂಡಿಸಿಬಿಟ್ಟಿದೆ. ಉಳಿದ ಐದರಲ್ಲಿ ಗುಳ್ಳೆಯೆದ್ದು ಒಂದರಲ್ಲಿ ಮೌನವಿದ್ದರೆ, ಹೈಡ್ರೋಮೀಟರಿಗೆ ಬಂದ ದ್ರವ ಕಂದು ರಾಡಿಯಾಗಿದ್ದರೆ, ಡಬ್ಬಿಯ ಪಕ್ಕ ಉಬ್ಬಿದ್ದರೆ, ಸೆಲ್ಫ್ ಹೊಡೆಯುವಾಗ ವೋಲ್ಟು 9.6ಕ್ಕಿಂತ ಕೆಳಗೆ ಕುಸಿದರೆ, ಅದನ್ನು ಹಿಂಸಿಸಿ ಫಲವಿಲ್ಲ. ಸವೆದ ಜಾಲರಿಗೆ ಯಾವ ಚಾರ್ಜೂ ಮರುಹುಟ್ಟು ಕೊಡಲಾರದು. ಸೀಲಾದ ಬ್ಯಾಟರಿಗಳ ಮೇಲಿನ ಹಸುರು ಕಣ್ಣನ್ನು ನಂಬಿ ಕೂಡುವವರು ಅದು ಆರು ಸೆಲ್ಲುಗಳ ಪೈಕಿ ಒಂದನ್ನು ಮಾತ್ರ ನೋಡುವ ಕಣ್ಣೆಂಬುದನ್ನು ಮರೆಯಬಾರದು.

ಕಾರಿನ ಬ್ಯಾಟರಿಯ ಪ್ಲೇಟುಗಳನ್ನು ತೆಳುವಾಗಿ, ಸಂಖ್ಯೆಯಲ್ಲಿ ಹೆಚ್ಚಾಗಿ ಮಾಡಿರುವುದು ಒಂದು ಕ್ಷಣದ ಮಹಾಪ್ರವಾಹಕ್ಕಾಗಿ. ಪೂರ್ತಿ ಬರಿದಾಗಿ ಮತ್ತೆ ತುಂಬುವ ಕೆಲಸವನ್ನು ಅವು ತಾಳಲಾರವು. ಆದುದರಿಂದಲೇ ಅದನ್ನು ಮನೆಯ ಇನ್ವರ್ಟರಿಗೆ ಜೋಡಿಸಬಾರದು. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು, 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಸಾಲಾಗಿ ಕಟ್ಟಿ 48 ವೋಲ್ಟಿನಲ್ಲಿ ಓಡುತ್ತಿದ್ದಾಗ, ಅದಕ್ಕೆ ಬೇರೆಯೇ ಜಾತಿಯ ದಪ್ಪ ಪ್ಲೇಟಿನ ಬ್ಯಾಟರಿಗಳು ಬೇಕಾಗಿದ್ದವು. ನಮ್ಮ ಊರಿನಲ್ಲಿಯೇ ಹುಟ್ಟಿದ ಆ ಕಾರನ್ನು ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಕಡೆಯದಾಗಿ, ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿ ಇರುವುದು, ಸತ್ತ ಬ್ಯಾಟರಿಯ ಸಂಸ್ಕಾರ. ಸೀಸವು ಮಕ್ಕಳ ಮಿದುಳಿಗೆ ವಿಷ. ಇಷ್ಟು ಪ್ರಮಾಣದವರೆಗೆ ನಿರಪಾಯವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ನಮ್ಮ ನಗರವೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಮಿಗಿಂತ ಅಧಿಕ ಸೀಸ ಕಂಡುಬಂದಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾಕ್ಟರ್ ವೆಂಕಟೇಶ ತುಪ್ಪಿಲ್ ಅವರು ಈ ವಿಷದ ವಿರುದ್ಧ ದೀರ್ಘಕಾಲ ಶ್ರಮಿಸಿದರು. 2000ದ ಆರಂಭದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ್ದಾಯಿತು. ಬ್ಯಾಟರಿಯ ಸೀಸವು ಉಳಿದಿದೆ. ಕ್ರಮವಾದ ಕಾರ್ಖಾನೆಯಲ್ಲಿ ಕರಗಿಸಿದರೆ ಅದು ಮತ್ತೆ ಮತ್ತೆ ಹೊಸ ಪ್ಲೇಟಾಗಬಲ್ಲ ಲೋಹ. ಓಣಿಯಲ್ಲಿ ಕೊಡಲಿಯಿಂದ ಡಬ್ಬಿಯನ್ನು ಒಡೆದು, ಆಮ್ಲವನ್ನು ಮೋರಿಗೆ ಚೆಲ್ಲಿ, ಬಯಲಿನ ಒಲೆಯಲ್ಲಿ ಕರಗಿಸಿದರೆ ಅದರ ಹೊಗೆಯೂ ಧೂಳೂ ಹೋಗಿ ಸೇರುವುದು ಪಕ್ಕದ ಮನೆಯ ತೊಟ್ಟಿಲನ್ನು. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂದು 2001ರ ನಿಯಮಗಳು ವಿಧಿಸಿದವು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ಮಲಗಿದ ಬ್ಯಾಟರಿಯನ್ನು ಮೂರು ದಿನ ಬಲ್ಲವರ ಕೈಗೆ ಕೊಟ್ಟು ನೋಡಿ, ಅದು ಏಳದೆ ಹೋದರೆ, ಹೊಸದನ್ನು ಕೊಳ್ಳುವ ಅಂಗಡಿಗೇ ಅದನ್ನು ಒಪ್ಪಿಸಿ ರಶೀದಿ ಪಡೆಯಿರಿ, ಓಣಿಯಲ್ಲಿ ಒಡೆಯುವವನು ನೂರು ರೂಪಾಯಿ ಹೆಚ್ಚಿಗೆ ಕೊಡುತ್ತೇನೆಂದರೂ ಕೊಡಬೇಡಿ.